ಮಾರ್ತ ದೊಡ್ಡಮ್ಮನ ವಿಜ್ಞಾನ ಪಾಠ

ಪಾಠ ಶುರುವಾಗುವ ಮೊದಲು ಮಾರ್ತ ದೊಡ್ಡಮ್ಮ ನಮ್ಮ ನಾಡಿ ಹಿಡಿದು ನೋಡುತ್ತಿದ್ದಳು. ನಾನು, ನನ್ನ ತಂಗಿ ಇಬ್ಬರೂ ಅಂಗಳದಲ್ಲಿ ಕುಣಿದು ಬಂದಿರುತ್ತಿದ್ದೆವು. ಅವಳು ಸೆರಗಿಗೆ ಪಿನ್ನು ಹಾಕಿ ತೂಗುಬಿಟ್ಟಿದ್ದ ನರ್ಸ್ ಗಡಿಯಾರವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ನಮ್ಮ ಮಣಿಕಟ್ಟು ಹಿಡಿದು ಬಾಯಲ್ಲೇ ಎಣಿಸುತ್ತಿದ್ದಳು. "ತೊಂಬತ್ತಕ್ಕೆ ಇಳೀಲಿ. ಅಲ್ಲೀವರೆಗೂ ಪುಸ್ತಕ ಮುಟ್ಟಬೇಡಿ" ಅನ್ನುತ್ತಿದ್ದಳು. ನಾವು ಉಸಿರು ಬಿಗಿ ಹಿಡಿದು ಮೋಸ ಮಾಡಲು ನೋಡಿದರೆ ಅದೂ ಅವಳಿಗೆ ಗೊತ್ತಾಗುತ್ತಿತ್ತು.

ಅವಳು ಅಮ್ಮನ ಅಕ್ಕ. ಮದುವೆಯಾಗಿರಲಿಲ್ಲ. ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದು, ಕೆಲಸ ಬಿಟ್ಟ ಮೇಲೆ ದೇವನಹಳ್ಳಿ ಹತ್ತಿರದ ವಿಜಯಪುರದ ನಮ್ಮ ಮನೆಗೆ ಬಂದಿದ್ದಳು. ಅಪ್ಪ ರೇಷ್ಮೆ ನೂಲಿಗೆ ಹುರಿ ಹಾಕುವ ಕಾರ್ಖಾನೆಯಲ್ಲಿ ಮೇಸ್ತ್ರಿ. ಭಾನುವಾರ ನಮ್ಮ ಹಜಾರದಲ್ಲೇ ಸೇರುತ್ತಿದ್ದ ಪುಟ್ಟ ಕ್ರೈಸ್ತ ಸಭೆಗೆ ಅವನೇ ಹಿರಿಯ. ಒಂದು ವರ್ಷ ಉಪವಾಸ ಕೂಟಕ್ಕೆ ಬಂದಿದ್ದ ವಿದೇಶದ ದಂಪತಿ ಒಂದು ಟ್ರಂಕಿನ ತುಂಬ ಇಂಗ್ಲಿಷ್ ಪಾಠಪುಸ್ತಕ ಬಿಟ್ಟುಹೋದರು. ಮಕ್ಕಳನ್ನು ಲೋಕದ ಶಾಲೆಗೆ ಕಳಿಸದೆ ಮನೆಯಲ್ಲೇ ಸತ್ಯವೇದದ ಪ್ರಕಾರ ಓದಿಸುವ ಪುಸ್ತಕಗಳು ಅವು. ನಾನಾಗ ನಾಲ್ಕನೇ ಕ್ಲಾಸು. ಅಪ್ಪ ನಮ್ಮಿಬ್ಬರನ್ನೂ ಶಾಲೆ ಬಿಡಿಸಿದ. ಮನೆಯಲ್ಲಿ ಇಂಗ್ಲಿಷ್ ಓದಿ ಅರ್ಥ ಹೇಳಬಲ್ಲವಳು ದೊಡ್ಡಮ್ಮ ಒಬ್ಬಳೇ. ಹಾಗಾಗಿ ಅವಳೇ ನಮ್ಮ ಶಾಲೆಯಾದಳು.

ಪುಸ್ತಕದಲ್ಲಿ ಏನೇ ಇರಲಿ, ಕಣ್ಣಿಂದ ನೋಡದೆ ಅವಳು ಪಾಠ ಮುಗಿಸುತ್ತಿರಲಿಲ್ಲ. ಪಕ್ಕದ ಬೀದಿಯ ಮೆಹಬೂಬ್ ಸಾಬರು ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ಅವರ ಹತ್ತಿರ ಬೇಯಿಸದ ಗೂಡು ಹತ್ತು ಕೇಳಿ ತಂದು ಮೊರದಲ್ಲಿ ಇಟ್ಟಳು. ಚಿಟ್ಟೆ ಗೂಡು ತೂತು ಮಾಡಿ ಹೊರಬಂದಿದ್ದು, ಮೊಟ್ಟೆ ಇಟ್ಟಿದ್ದು, ಸತ್ತಿದ್ದು ಎಲ್ಲ ನೋಡಿದೆವು. ಪ್ರತಿಯೊಂದನ್ನೂ ದೇವರು ಅದರದರ ಜಾತಿಗನುಸಾರವಾಗಿ ಉಂಟುಮಾಡಿದನು ಎಂದು ಆವತ್ತಿನ ಪಾಠ. ಮೆಹಬೂಬ್ ಸಾಬರು ನನಗೆ ಬೇರೆ ಏನೋ ಹೇಳಿದ್ದರು. ಈ ಹಳದಿ ಗೂಡಿನ ಹುಳಕ್ಕೆ ತಾಯಿ ಮೈಸೂರು ತಳಿ, ತಂದೆ ಹೊರಗಿನ ಬಿಳಿ ತಳಿ, ಎರಡೂ ಕೂಡಿಸಿ ಮಾಡಿದ್ದು ಅಂತ. ಹಾಗಾದರೆ ಸೃಷ್ಟಿಯ ಆರು ದಿನಗಳಲ್ಲಿ ಇದನ್ನು ದೇವರು ಯಾವ ದಿನ ಮಾಡಿದ ಎಂದು ನಾನು ಕೇಳಿದೆ. ದೊಡ್ಡಮ್ಮ ಮೊರದಿಂದ ಒಂದು ಗೂಡು ಎತ್ತಿ ತಿರುಗಿಸಿ ನೋಡಿ, "ಗೊತ್ತಿಲ್ಲ" ಅಂದಳು. ಆಮೇಲೆ ನಮ್ಮಿಬ್ಬರ ಕಡೆ ತಿರುಗಿ, "ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನೋಕೆ ನಾಚ್ಕೋಬೇಡಿ. ವಾರ್ಡಲ್ಲಿ ಹಾಗೆ ನಾಚ್ಕೊಂಡು ರೋಗೀನ ಕಳ್ಕೊಂಡೋರನ್ನ ನೋಡಿದೀನಿ" ಅಂದಳು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾದೆ. ವಿಜ್ಞಾನ ಓದಬೇಕು ಅಂದೆ. ದೊಡ್ಡಮ್ಮ ನನ್ನನ್ನು ಕರೆದುಕೊಂಡು ದೇವನಹಳ್ಳಿಯ ಕಾಲೇಜೊಂದಕ್ಕೆ ಹೋದಳು. ಪ್ರಾಂಶುಪಾಲರು ಒಳ್ಳೆಯ ಮನುಷ್ಯರು. ಅಂಕಪಟ್ಟಿ ನೋಡಿದರು, ಮನೆ ಪಾಠದ ವಿಷಯ ಕೇಳಿದರು, ಜೀವಶಾಸ್ತ್ರದ ಮೇಷ್ಟ್ರನ್ನು ಕರೆಸಿದರು. ಆ ಮೇಷ್ಟ್ರು ನನಗೆ ನಾಲ್ಕು ಪ್ರಶ್ನೆ ಕೇಳಿದರು. ಹೃದಯದ ಕೋಣೆಗಳನ್ನು ಹೇಳಿದೆ, ರೇಷ್ಮೆ ಹುಳದ ಬದುಕನ್ನು ಅವರು ಸಾಕು ಅನ್ನುವಷ್ಟು ಹೇಳಿದೆ. ಜೀವವಿಕಾಸ ಅಂದರೇನು ಎಂದರು. ಅದು ಸುಳ್ಳು ಸಾರ್ ಎಂದೆ. ಯಾಕೆ ಸುಳ್ಳು ಎಂದರು. ನಮ್ಮ ಪುಸ್ತಕದಲ್ಲಿ ಅದನ್ನು ಬೈದಿದ್ದರೇ ಹೊರತು ಅದೇನೆಂದು ಹೇಳಿರಲಿಲ್ಲ.

ಮೇಷ್ಟ್ರು ಗದರಲಿಲ್ಲ. ಇವಳು ಮುಂದೆ ಯೂನಿವರ್ಸಿಟಿಗೆ ಹೋದರೆ ಅಲ್ಲಿ ಎಲ್ಲರಿಗೂ ಒಂದೇ ಅಳತೆ, ನಂಬಿಕೆ ಅವರವರದು, ಆದರೆ ಈ ಪಾಠ ಬಿಟ್ಟು ಜೀವಶಾಸ್ತ್ರ ಇಲ್ಲ ಎಂದರು. ಒಂದು ತಿಂಗಳು ಸಮಯ ಕೊಡುತ್ತೇನೆ, ಮತ್ತೆ ಬಂದು ಉತ್ತರ ಹೇಳಿದರೆ ಸೀಟು, ಇಲ್ಲದಿದ್ದರೆ ಇಲ್ಲ ಅಂದರು.

ದೊಡ್ಡಮ್ಮ ಮನೆಗೆ ಬಂದು ಚಪ್ಪಲಿ ಬಿಟ್ಟವಳೇ ಅಪ್ಪನಿಗೆ ನಡೆದದ್ದೆಲ್ಲ ಹೇಳಿ, ಆ ಪಾಠ ನಾನೇ ಹೇಳಿಕೊಡುತ್ತೇನೆ ಎಂದಳು. ಅಪ್ಪ ದಂಗಾಗಿಬಿಟ್ಟ.

"ಅಕ್ಕ, ಸುಳ್ಳು ಅಂತ ಗೊತ್ತಿದ್ದೂ ಮಗೂಗೆ ಕಲಿಸ್ತೀರಾ?"

"ಸುಳ್ಳು ಅನ್ನೋಕಾದ್ರೂ ಅದೇನು ಅಂತ ತಿಳಿದಿರಬೇಕಲ್ಲಪ್ಪ ಜಯರಾಜ. ನೀನೂ ಓದಿಲ್ಲ, ನಾನೂ ಓದಿಲ್ಲ. ಆರು ವರ್ಷ ಈ ಮಗೂಗೆ ವಿಜ್ಞಾನ ಹೇಳ್ಕೊಟ್ಟಿದ್ದು ನಾನು. ಇವಳಿಗೆ ಬಾಗಿಲು ಮುಚ್ಚಿದ್ರೆ ಮುಚ್ಚಿದವಳು ನಾನೇ ಆಗ್ತೀನಿ."

ಅಪ್ಪ ಒಪ್ಪಲಿಲ್ಲ. ಅವಳು ಒಪ್ಪಿಗೆಗೆ ಕಾಯಲೂ ಇಲ್ಲ. ಮಾರನೇ ದಿನ ಬೆಳಿಗ್ಗೆ ಮತ್ತೆ ದೇವನಹಳ್ಳಿಗೆ ಹೋಗಿ, ಎರಡನೇ ವರ್ಷದವರಿಗೆ ಆ ಪಾಠ ನಡೆಯುವಾಗ ಹಿಂದಿನ ಬೆಂಚಿನಲ್ಲಿ ಕೂರಲು ಮೇಷ್ಟ್ರ ಅನುಮತಿ ಕೇಳಿದಳು. ಆಗ ಅವಳಿಗೆ ಅರವತ್ತರ ಹತ್ತಿರ. ಮೂರು ವಾರ ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು ಬಸ್ಸಿನಲ್ಲಿ ನಿಂತು ಹೋಗಿಬಂದಳು. ಹುಡುಗರು ಮೊದಲು ನಕ್ಕರಂತೆ, ಆಮೇಲೆ ಅವಳ ನೋಟ್ಸ್ ಕೇಳತೊಡಗಿದರಂತೆ. ಸಂಜೆ ಬಂದು ಕಾಲು ತೊಳೆದು ನನ್ನನ್ನು ಕೂರಿಸಿಕೊಳ್ಳುತ್ತಿದ್ದಳು. "ಅವರು ಹೇಳೋದನ್ನ ಅವರು ಹೇಳೋ ಹಾಗೇ ಕೇಳು. ನನ್ನ ಅಭಿಪ್ರಾಯ ಕೊನೇಲಿ ಹೇಳ್ತೀನಿ." ಒಂದು ವಾಕ್ಯವನ್ನೂ ವ್ಯಂಗ್ಯವಾಗಿ ಹೇಳಲಿಲ್ಲ. ತನಗೆ ಅರ್ಥವಾಗದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಮರುದಿನ ಮೇಷ್ಟ್ರನ್ನು ಕೇಳಿಕೊಂಡು ಬರುತ್ತಿದ್ದಳು. ಪಾಠ ಮುಗಿಯಿತು. ಅವಳ ಅಭಿಪ್ರಾಯ ಮಾತ್ರ ಬರಲೇ ಇಲ್ಲ, ನಾನೂ ಕೇಳಲಿಲ್ಲ.

ನನಗೆ ಸೀಟು ಸಿಕ್ಕಿತು. ವಿಷಯ ಸಭೆಯವರ ಕಿವಿಗೂ ಬಿತ್ತು. ಅವಳು ವರ್ಷಗಟ್ಟಲೆ ನಡೆಸುತ್ತಿದ್ದ ಭಾನುವಾರದ ಮಕ್ಕಳ ತರಗತಿಯನ್ನು ಅವಳ ಕೈಯಿಂದ ತೆಗೆದು ಬೇರೆಯವರಿಗೆ ಕೊಟ್ಟರು. ಆ ಮಾತನ್ನು ಅಪ್ಪನೇ ಹೇಳಬೇಕಾಯಿತು, ತಲೆ ತಗ್ಗಿಸಿಕೊಂಡು ಹೇಳಿದ. ದೊಡ್ಡಮ್ಮ ಆಗಲಿ ಎಂದಳು. ಆ ಭಾನುವಾರವೂ ಎಂದಿನಂತೆ ಬಿಳಿ ಸೀರೆಯುಟ್ಟು ಬಂದು, ಹಜಾರದ ಕೊನೆಯ ಚಾಪೆಯ ಮೇಲೆ ಕೂತು, ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದಳು. ಅಡುಗೆಮನೆಯಲ್ಲಿ ಅಮ್ಮ ಅತ್ತದ್ದನ್ನು ನಾನು ನೋಡಿದೆ. ದೊಡ್ಡಮ್ಮ ಅಳಲಿಲ್ಲ.

ಮುಂದೆ ನಾನು ಬೆಂಗಳೂರಿನಲ್ಲಿ ಪ್ರಾಣಿಶಾಸ್ತ್ರ ಓದಿ, ಕಾಲೇಜೊಂದರಲ್ಲಿ ಪಾಠ ಮಾಡತೊಡಗಿದೆ. ದೊಡ್ಡಮ್ಮ ಕಾಲುನೋವಿಗೆ ಸೋತು ಹೊಸಕೋಟೆಯಲ್ಲಿದ್ದ ನಮ್ಮ ಸೋದರಮಾವನ ಮನೆ ಸೇರಿದಳು. ತೊಂಬತ್ತರ ದಶಕದ ಕೊನೆಯಲ್ಲಿ ನೋಡಲು ಹೋದಾಗ, ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ, ಅದುವರೆಗೂ ಕೇಳದಿದ್ದುದನ್ನು ಕೇಳಿದಳು.

"ಅದನ್ನ ನೀನು ನಂಬ್ತೀಯಾ?"

ಯಾವುದನ್ನು ಎಂದು ಕೇಳುವ ಅಗತ್ಯವಿರಲಿಲ್ಲ. "ಹೂಂ ದೊಡ್ಡಮ್ಮ" ಅಂದೆ.

"ಹಾಗಾಗಬಹುದು ಅಂತ ಹೇಳ್ಕೊಡೋವಾಗ್ಲೇ ಗೊತ್ತಿತ್ತು" ಅಂದಳು. ಅದರಲ್ಲಿ ದೂರು ಇರಲಿಲ್ಲ. ಸ್ವಲ್ಪ ಸುಧಾರಿಸಿಕೊಂಡು, ತಿಮಿಂಗಿಲದ ಮೈಯೊಳಗೆ ಹಿಂಗಾಲಿನ ಚೂರು ಮೂಳೆ ಉಳಿದಿದೆ ಎಂದು ಮೇಷ್ಟ್ರು ಹೇಳಿದ್ದು ತನಗೆ ಇವತ್ತಿಗೂ ಸರಿಯಾಗಿ ಹಿಡಿದಿಲ್ಲ, ವಿವರಿಸು ಎಂದಳು. ಹಳೇ ಪತ್ರಿಕೆಯ ಅಂಚಿನಲ್ಲಿ ಚಿತ್ರ ಬರೆದು ಒಂದು ಗಂಟೆ ಹೇಳಿದೆ. ಮೂರು ಕಡೆ ತಡೆದಳು. ಮೂರನೆಯದಕ್ಕೆ ಗೊತ್ತಿಲ್ಲ ಎಂದೆ. "ಇನ್ನೂ ಸರಿಹೋಗ್ಲಿಲ್ಲ ನನಗೆ. ಮುಂದಿನ ಸಲ ಸರಿಯಾಗಿ ಓದ್ಕೊಂಡು ಬಾ" ಅಂದಳು.

ಓದಿಕೊಂಡೆ. ಲೈಬ್ರರಿಯಲ್ಲಿ ಎರಡು ವಾರ ಕೂತು, ಅವಳು ಕೇಳಬಹುದಾದ ಇನ್ನೂ ಐದಾರು ಪ್ರಶ್ನೆಗಳಿಗೂ ಉತ್ತರ ಬರೆದುಕೊಂಡೆ. ಶನಿವಾರ ಹೋಗುವುದೆಂದು ಇದ್ದೆ. ಗುರುವಾರ ಕಾಲೇಜಿಗೆ ಮಾವನ ಫೋನು ಬಂತು, ದೊಡ್ಡಮ್ಮ ಬೆಳಿಗ್ಗೆ ತೀರಿಕೊಂಡಳು ಎಂದು.