ಸುಣ್ಣದಮ್ಮನಿಗೆ ಕೊರಿಯಾ ತವರಲ್ಲ

ಶಿಡ್ಲಘಟ್ಟದ ಮಾರುಕಟ್ಟೆಗೆ ಬರುವ ಹಳದಿ ರೇಷ್ಮೆಗೂಡು ಮಿಶ್ರತಳಿ. ಅದರ ತಾಯಿ ಮೈಸೂರು ತಳಿಯ ಹೆಣ್ಣು ಚಿಟ್ಟೆ, ತಂದೆ ಬಿಳಿ ಗೂಡಿನ ಗಂಡು. ಇದು ನಿಮಗೆ ಗೊತ್ತಿರಬೇಕು. ಈ ಸೀಮೆಯ ಎಷ್ಟೋ ಮದುವೆಗಳ ಊಟ ಆ ಗೂಡಿನ ದುಡ್ಡಿನಿಂದಲೇ ಆಗಿದೆ, ಆ ಊಟ ನೀವೂ ಉಂಡಿದ್ದೀರಿ. ಗೊತ್ತಿಲ್ಲದಿದ್ದರೆ ಇನ್ನೊಂದನ್ನೂ ಕೇಳಿ. ಮಿಶ್ರತಳಿಯ ಹೆಸರು ಬರೆಯುವಾಗ ತಾಯಿಯ ತಳಿ ಮೊದಲು, ತಂದೆಯದು ಆಮೇಲೆ. ಪಹಣಿಯಲ್ಲಿ, ಮದುವೆ ಪತ್ರಿಕೆಯಲ್ಲಿ, ಕಡೆಗೆ ತಿಥಿ ಕಾರ್ಡಿನಲ್ಲೂ ಗಂಡಸರೇ ಮೊದಲ ಸಾಲು ಹಿಡಿದು ಕೂತಿರುವ ನಮ್ಮ ಕಡೆ, ಹೆಂಗಸಿಗೆ ಆ ಜಾಗ ಸಿಕ್ಕಿರುವುದು ಹುಳುವಿನ ಜಾತಕದಲ್ಲಿ ಮಾತ್ರ.

ಜಂಗಮಕೋಟೆಯ ಕವಿತಳ ವಿಷಯ ಹೇಳುವುದಕ್ಕೆ ಇಷ್ಟು ಪೀಠಿಕೆ ಸಾಕು.

ಕವಿತ ಒಂದು ಕೋಣೆಯ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಕನ್ನಡಿಯ ಮುಂದೆ ಕ್ರೀಮಿನ ಡಬ್ಬಿಗಳು ಇರಬೇಕಾದ ಜಾಗದಲ್ಲಿ ಗಿಡಗಳಿವೆ. ಮೊಸರಿನ ಡಬ್ಬಿ, ಹೇರ್ ಡೈ ಕಲಸುವ ಬಟ್ಟಲು, ತಳ ತೂತು ಮಾಡಿದ ಸ್ಟೀಲ್ ಲೋಟ, ಕೈಗೆ ಸಿಕ್ಕಿದ್ದೆಲ್ಲ ಅವಳಿಗೆ ಕುಂಡ. ಅದರೊಳಗೆ ನೀರು ತುಂಬಿಕೊಂಡ ದಪ್ಪ ಎಲೆಯ ಪುಟ್ಟ ಗಿಡಗಳು. ಪೇಟೆಯವರು ಸಕ್ಯುಲೆಂಟ್ ಅನ್ನುತ್ತಾರೆ. ಅವಳ ಅತ್ತೆ ರಾಮಲಕ್ಷ್ಮಮ್ಮ "ಲೋಳೆಸರದ ದಿಕ್ಕಿಲ್ಲದ ಮಕ್ಳು" ಅನ್ನುತ್ತಾರೆ.

ಗಿಡ ಸಾಕುವವರು ಊರಿಗೆ ನೂರು ಜನ ಸಿಗುತ್ತಾರೆ. ಕವಿತ ಸಾಕಿ ಸುಮ್ಮನಿರುವವಳಲ್ಲ, ಗಿಡಗಳಿಗೆ ಮದುವೆ ಮಾಡಿಸುತ್ತಾಳೆ. ಒಂದರ ಹೂವಿನ ಪರಾಗ ತೆಗೆದು ಇನ್ನೊಂದರ ಹೂವಿಗೆ ಮುಟ್ಟಿಸಿ, ಲೋಕದಲ್ಲಿ ಇನ್ನೂ ಹುಟ್ಟದ ಗಿಡವೊಂದು ಹುಟ್ಟುತ್ತದೇನೋ ಎಂದು ಕಾಯುತ್ತಾಳೆ. ಇದನ್ನು ಅವಳಿಗೆ ಯಾವ ಕಾಲೇಜೂ ಕಲಿಸಲಿಲ್ಲ. ಮದುವೆಗೆ ಮುಂಚೆ ರೇಷ್ಮೆ ಬಿತ್ತನೆ ಕೇಂದ್ರವೊಂದರಲ್ಲಿ ಚಿಟ್ಟೆಗಳನ್ನು ಜೋಡಿ ಮಾಡಿ, ಹೊತ್ತಾದ ಮೇಲೆ ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. "ಚಿಟ್ಟೆಗೆ ಮಾಡ್ಸಿದೋಳಿಗೆ ಗಿಡ ಏನ್ ಮಹಾ? ಗಿಡ ಹಾರೋಗಲ್ಲ, ಅದೇ ಒಂದು ಸಲೀಸು" ಎನ್ನುವುದು ಅವಳ ವಾದ.

ಒಂದು ವರ್ಷ ಎರಡು ಗಿಡ ಒಟ್ಟಿಗೆ ಹೂವಿಗೆ ಬಂದವು. ಒಂದು ಗ್ಯಾಸ್ಟೇರಿಯಾ, ಎತ್ತಿನ ನಾಲಿಗೆಯಂಥ ಒರಟು ಎಲೆ, ಹೊಟ್ಟೆ ಉಬ್ಬಿದ ಗುಲಾಬಿ ಹೂವು. ಇನ್ನೊಂದು ಹಾವರ್ಥಿಯಾ, ಚೂಪು ಎಲೆಯ ಮೇಲೆ ಬಿಳಿ ಅಡ್ಡಪಟ್ಟೆ, ಕಡ್ಡಿಯಂಥ ತೊಟ್ಟಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಹೂವು. ಕುರ್ಚಿಯಲ್ಲಿ ಹುಬ್ಬು ತೆಗೆಸಿಕೊಳ್ಳುತ್ತಿದ್ದ ಹುಡುಗಿಯೊಬ್ಬಳಿದ್ದಳು. ಒಂದು ಹುಬ್ಬು ಮುಗಿದಿತ್ತು, ಇನ್ನೊಂದು ಬಾಕಿ. ಕವಿತಳ ಕಣ್ಣು ಕನ್ನಡಿಯ ಪಕ್ಕದ ಹೂವಿನ ಮೇಲೆ ಬಿತ್ತು. ಹುಬ್ಬಿನ ದಾರದ ತುದಿಯನ್ನೇ ಹೊಸಕಿ ಚೂಪು ಮಾಡಿ ಆ ಕಡೆ ನಡೆದಳು.

"ಕವಿತಕ್ಕ, ನನ್ ಹುಬ್ಬು?"

"ಇರಮ್ಮ, ಪುಡಿ ಬಿಟ್ಟೈತೆ. ಮಧ್ಯಾಹ್ನಕ್ಕೆ ಹೂವು ಮುದುರ್ಕೊಂಡ್ಬಿಡ್ತದೆ. ನಿನ್ ಹುಬ್ಬು ಎಲ್ಲಿಗೂ ಓಡೋಗಲ್ಲ."

"ನಂಗೆ ಬಸ್ಸಿದೆ ಅಕ್ಕ."

"ಬಸ್ನಲ್ಲಿ ಒಂದ್ ಕಡೆ ತಿರುಗಿ ಕೂತ್ಕೊ."

ಹಾವರ್ಥಿಯಾದ ಪುಡಿ ಗ್ಯಾಸ್ಟೇರಿಯಾಕ್ಕೆ ಸೇರಿತು. ತಾಯಿ ಎತ್ತಿನ ನಾಲಿಗೆ, ತಂದೆ ಬಿಳಿಪಟ್ಟೆ. ಕಾಯಿ ಕಟ್ಟಿದಾಗ ಅದು ಒಡೆದು ಬೀಜ ಚೆಲ್ಲದಿರಲೆಂದು ರೇಷ್ಮೆಹುಳುವನ್ನು ಕೊಲ್ಲುವ ಊಜಿ ನೊಣಕ್ಕೆ ಅಡ್ಡವಾಗಿ, ಅತ್ತೆ ಹುಳು ಸಾಕುವ ಹುಳುಮನೆಯ ಕಿಟಕಿಗೆ ಕಟ್ಟಿದ್ದ ನೈಲಾನ್ ಬಲೆಯ ಚೂರು ಕತ್ತರಿಸಿ ಚೀಲ ಹೊಲಿದು ತೊಡಿಸಿದಳು. ಕಿಟಕಿಯ ಬಲೆಗೆ ತೂತು ಬಿದ್ದಿದ್ದನ್ನು ನೋಡಿ ರಾಮಲಕ್ಷ್ಮಮ್ಮ ಇಲಿಗೆ ಬೈದರು. ಇಲಿ ಆ ಮನೆಯಲ್ಲಿ ಇರಲಿಲ್ಲ.

ಬೀಜ ಬಿತ್ತಿದ ಟ್ರೇಯನ್ನು ಕವಿತ ಹುಳುಮನೆಯ ಜಗುಲಿಯ ನೆರಳಿನಲ್ಲಿಟ್ಟಳು. ಸಾಸಿವೆಯಂಥ ಮೊಳಕೆಗಳು ಬಂದವು, ಎರಡೆರಡು ಎಲೆಯಾದವು. ಬೇಸಿಗೆ ಬಂದಾಗ ಬೆಳೆಯದೆ ನಿಂತುಬಿಟ್ಟವು. ಬಣ್ಣ ಕೆಂಪಾಯಿತು, ತಲೆ ಮೇಲೆತ್ತಿಕೊಂಡು ಗರಬಡಿದಂತೆ ಕೂತವು. ಬಿಸಿಲಿಗೆ ಈ ಗಿಡಗಳು ಹಾಗೆ ನಿದ್ದೆಗೆ ಜಾರುತ್ತವೆಂದು ಕವಿತಳಿಗೆ ಗೊತ್ತಿತ್ತು. ಅತ್ತೆಗೆ ಹೇಳಿರಲಿಲ್ಲ.

ರಾಮಲಕ್ಷ್ಮಮ್ಮ ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯವರು. ಬಾಯಲ್ಲಿ ಅರ್ಧ ತೆಲುಗು, ಕೈಯಲ್ಲಿ ಪೂರ್ತಿ ರೇಷ್ಮೆ. ಹುಳು ಮೇವು ಬಿಟ್ಟು, ತಲೆ ಎತ್ತಿ, ಪೊರೆ ಬಿಡಲು ಕೂರುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳುವಿನ ತಟ್ಟೆ ಒಣಗಿರಲಿ ಎಂದು ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ. ಆಯಮ್ಮ ಜಗುಲಿಗೆ ಬಂದರು, ಟ್ರೇ ನೋಡಿದರು, ಸೊಸೆ ಪಾರ್ಲರಿನಲ್ಲಿದ್ದಳು. ಹೆತ್ತ ಮಕ್ಕಳಿಗೆ ಮಾಡುವಷ್ಟೇ ಮಮತೆಯಿಂದ ಬಟ್ಟೆಯಲ್ಲಿ ಸುಣ್ಣ ಕಟ್ಟಿ, ತಟ್ಟಿ ತಟ್ಟಿ, ಒಂದು ಮೊಳಕೆಯನ್ನೂ ಬಿಡದೆ ಉದುರಿಸಿದರು.

ಸಂಜೆ ಕವಿತ ಬಂದಾಗ ಟ್ರೇ ಹಿಟ್ಟು ಚೆಲ್ಲಿದ ಹಾಗಿತ್ತು.

"ಅತ್ತೆ, ಏನಿದು?"

"ಜ್ವರಕ್ಕೆ ಕೂತಿದ್ವು ಕಣೇ. ನೀನು ನೋಡ್ಲೇ ಇಲ್ಲ. ಎರಡನೇ ಜ್ವರ ಇರ್ಬೇಕು."

"ಅವು ಗಿಡ ಅತ್ತೆ."

"ಗಿಡ ಆದ್ರೇನು, ಜ್ವರ ಬರ್ಬಾರ್ದಾ?"

ಕವಿತ ಅಳಲಿಲ್ಲ, ಮಾತೂ ಆಡಲಿಲ್ಲ. ಆಡದ ಮಾತು ಹಬ್ಬದವರೆಗೂ ನಡೆಯಿತು. ಗಂಡ ಚನ್ನಕೇಶವ ಹಾಲಿನ ಡೇರಿಯಲ್ಲಿ ಕೆಲಸ ಮಾಡುವವನು, ಇಬ್ಬರ ನಡುವೆ ಉಪ್ಪು, ಸಾರು, ಸುದ್ದಿ ಎಲ್ಲವನ್ನೂ ಸಾಗಿಸಿ ಸಣ್ಣಗಾದ. ಮೊಳಕೆಗಳು ಬೆಂದು ಹೋದವು. ಮೂಲೆಯಲ್ಲಿ ಬೆರಳೆಣಿಕೆಯಷ್ಟು ಉಳಿದವು. ಅದರಲ್ಲೂ ಒಂದೇ ಒಂದು ವರ್ಷದಿಂದ ವರ್ಷಕ್ಕೆ ಗಟ್ಟಿಯಾಯಿತು. ತಾಯಿಯ ಮೊಂಡು ನಾಲಿಗೆ, ತಂದೆಯ ಪಟ್ಟೆ. ಆದರೆ ಪಟ್ಟೆ ಅಪ್ಪನ ಹಾಗೆ ಗೆರೆ ಹಾಕಿದಂತಿರಲಿಲ್ಲ. ಕಡು ಹಸಿರಿನ ಮೇಲೆ ಯಾರೋ ಬಟ್ಟೆಯಲ್ಲಿ ತಟ್ಟಿ ತಟ್ಟಿ ಸುಣ್ಣ ಉದುರಿಸಿದಂತಿತ್ತು. ಬಣ್ಣ ಬಂದಿದ್ದು ಸುಣ್ಣದಿಂದಲ್ಲ, ರಕ್ತದಿಂದ. ಇದನ್ನು ಎಷ್ಟು ಸಲ ಹೇಳಿದರೂ ರಾಮಲಕ್ಷ್ಮಮ್ಮ ಒಪ್ಪಿಲ್ಲ. "ನಾನ್ ಸುಣ್ಣ ಹಾಕ್ದೇ ಇದ್ರೆ ಬೆಳ್ಳಗೆ ಎಲ್ಲಿಂದ ಬರ್ತಿತ್ತು, ಹೇಳು?"

ಕವಿತ ಅದಕ್ಕೆ ಸುಣ್ಣದಮ್ಮ ಎಂದು ಹೆಸರಿಟ್ಟಳು. ಅತ್ತೆಗೆ ಕುಟುಕಲೆಂದೇ ಇಟ್ಟಿದ್ದು. ಅತ್ತೆ ಊರ ತುಂಬ ಅದನ್ನೇ ಹೇಳಿಕೊಂಡು ಬಂದರು.

ಸುಣ್ಣದಮ್ಮ ಬುಡದಲ್ಲಿ ಮರಿ ಹಾಕತೊಡಗಿತು. ಆ ವರ್ಷದ ವರಮಹಾಲಕ್ಷ್ಮಿ ಹಬ್ಬಕ್ಕೆ ಕವಿತ ಮುತ್ತೈದೆಯರಿಗೆ ರವಿಕೆ ಕಣದ ಬದಲು ಅರಿಶಿನ ಕುಂಕುಮದ ಜೊತೆ ಒಂದೊಂದು ಮರಿ ಕೊಟ್ಟಳು. ತೆಗೆದುಕೊಂಡವರಲ್ಲಿ ಹರಿಣಿಯೂ ಒಬ್ಬಳು, ಪಾರ್ಲರಿಗೆ ಬರುತ್ತಿದ್ದವಳು. ಅವಳ ಗಂಡ ಮೋಹನ್‌ಬಾಬು ಗೌರಿಬಿದನೂರು ರಸ್ತೆಯಲ್ಲಿ ನರ್ಸರಿ ಇಟ್ಟಿದ್ದಾನೆ. ಮಡಿಲಿಗೆ ಹಾಕಿದ್ದನ್ನು ವಾಪಸ್ ಕೇಳಬಾರದು, ಲೆಕ್ಕವೂ ಇಡಬಾರದು. ಕವಿತ ಇಡಲಿಲ್ಲ.

ಒಂದೆರಡು ವರ್ಷ ಕಳೆದ ಮೇಲೆ, ಮುಖಕ್ಕೆ ಫೇಶಿಯಲ್ ಹಚ್ಚಿಸಿಕೊಂಡು ಕೂತಿದ್ದ ಗಿರಾಕಿಯೊಬ್ಬಳು ಫೋನು ಚಾಚಿದಳು. "ಕವಿತಕ್ಕ, ನಿಮ್ ಗಿಡದ್ ಥರಾನೇ ಇದೆ ನೋಡಿ, ಕೊರಿಯಾದಂತೆ."

ಫೋಟೊದಲ್ಲಿ ಸುಣ್ಣದಮ್ಮ ಸಾಲಾಗಿ ಕೂತಿದ್ದಳು. ಒಬ್ಬಳಲ್ಲ, ನೂರಾರು. ಹಿಂದೆ ಹರಿಣಿಯ ಗಂಡನ ನರ್ಸರಿ. ಮೋಹನ್‌ಬಾಬು ಹೆಂಡತಿಗೆ ಸಿಕ್ಕ ಮರಿಯನ್ನು ಲ್ಯಾಬಿಗೆ ಕೊಟ್ಟು ಚೂರು ಚೂರು ಮಾಡಿಸಿ, ಒಂದೊಂದು ಚೂರಿನಿಂದಲೂ ಒಂದು ಗಿಡ ಬೆಳೆಸಿದ್ದ. ಕೆಳಗೆ ಹೆಸರು: ಸಿಯೋಲ್ ಸ್ನೋ. ನೇರ ಕೊರಿಯಾದಿಂದ ಆಮದು.

"ಹೋಗ್ಲಿ ಬಿಡೆ" ಎಂದ ಚನ್ನಕೇಶವ, ರಾತ್ರಿ ಊಟಕ್ಕೆ ಕೂತು. "ನಾವೇನ್ ಮಾರ್ತಿದ್ವಾ?"

"ಮಾರ್ಕೊಳ್ಳಲಿ. ಅವನ ದುಡ್ಡು ನಂಗೆ ಬೇಡ" ಎಂದಳು ಕವಿತ. "ಜೀವಮಾನದಾಗೆ ನಾನ್ ಹುಟ್ಸಿದ್ದು ಅಂತ ಇರೋದು ಅದೊಂದೇ. ಅದರ ಮೇಲೆ ನನ್ ಹೆಸರಿರ್ಬೇಕು, ನಮ್ಮೂರ ಹೆಸರಿರ್ಬೇಕು. ಅಷ್ಟೇ."

ಆ ವಾರ ಚಿಕ್ಕಬಳ್ಳಾಪುರದಲ್ಲಿ ಫಲಪುಷ್ಪ ಪ್ರದರ್ಶನ. ಮೋಹನ್‌ಬಾಬುವಿನ ಮಳಿಗೆ ಬಾಗಿಲಿಗೇ ಸಿಗುವಂತಿತ್ತು. ಕವಿತ ಸುಣ್ಣದಮ್ಮನ ತಾಯಿ ತಂದೆ ಎರಡನ್ನೂ ಬುಟ್ಟಿಯಲ್ಲಿಟ್ಟುಕೊಂಡಳು. ರಾಮಲಕ್ಷ್ಮಮ್ಮ ಹೊಸ ಸೀರೆ ಉಟ್ಟು ಬಂದು ಬಸ್ಸಿನಲ್ಲಿ ಕಿಟಕಿ ಸೀಟು ಹಿಡಿದರು. "ನಾನೇ ಸುಣ್ಣ ಹಾಕಿ ಸಾಕಿದ್ದು, ನಾನಿಲ್ದೆ ಹೆಂಗೆ?"

ಮಳಿಗೆಯ ಮುಂದೆ ನಿಂತು ಅವರು ಒಂದು ಕುಂಡವನ್ನು ಎತ್ತಿ ನೋಡಿದರು.

"ಏಮಪ್ಪಾ, ಈ ಹುಡುಗಿ ಯಾವೂರೋಳು?"

"ಇಂಪೋರ್ಟೆಡ್ ಅಜ್ಜಿ. ಕೊರಿಯಾ" ಎಂದ ಮೋಹನ್‌ಬಾಬು, ಬೇರೆ ಗಿರಾಕಿಗೆ ಚಿಲ್ಲರೆ ಕೊಡುತ್ತಾ.

"ಅಪ್ಪ ಅಮ್ಮ ಯಾರು?"

"ಗಿಡಕ್ಕೆ ಅಪ್ಪ ಅಮ್ಮನ್ನ ಎಲ್ಲಿಂದ ತರ್ಲಿ ಅಜ್ಜಿ?"

"ನಾನ್ ತಂದಿದೀನಿ."

ಬುಟ್ಟಿಯಿಂದ ತೆಗೆದು ಎತ್ತಿನ ನಾಲಿಗೆಯನ್ನು ಈ ಕಡೆ, ಬಿಳಿಪಟ್ಟೆಯನ್ನು ಆ ಕಡೆ, ಕೊರಿಯಾದವಳನ್ನು ನಡುವೆ, ಮದುವೆ ಫೋಟೊಗೆ ನಿಲ್ಲಿಸಿದ ಹಾಗೆ ಮೇಜಿನ ಮೇಲೆ ನಿಲ್ಲಿಸಿದರು. ಜನ ಸೇರಿದರು. ನಮ್ಮ ಜನಕ್ಕೆ ಹೋಲಿಕೆ ಹಚ್ಚುವುದನ್ನು ಕಲಿಸಬೇಕೆ? "ನಾಲಿಗೆ ಅಮ್ಮಂದು ನೋಡ್ರಿ" ಎಂದರೊಬ್ಬರು. "ಪಟ್ಟೆ ಅಪ್ಪಂದು, ಡೌಟೇ ಇಲ್ಲ" ಎಂದರು ಇನ್ನೊಬ್ಬರು.

ಮೋಹನ್‌ಬಾಬು ಆಗ ಕವಿತಳನ್ನು ನೋಡಿದ. ಗುರುತು ಹಿಡಿದ. ಆದರೂ ಬೆವರಲಿಲ್ಲ. "ಮೇಡಂ, ನಾವೇನ್ ಕದ್ವಾ? ನೀವೇ ಅರಿಶಿನ ಕುಂಕುಮ ಕೊಟ್ಟು ಮಡಿಲಿಗೆ ಹಾಕಿದ್ದು. ಹರಿಣಿ, ನೀನೇ ಹೇಳು."

ಮಳಿಗೆಯ ಒಳಗಿದ್ದ ಹರಿಣಿ ಕುಂಡಗಳ ಧೂಳು ಒರೆಸತೊಡಗಿದಳು. ಅವನು ಹೇಳಿದ್ದು ನಿಜ, ಅದೇ ತೊಂದರೆ.

"ಕೊಟ್ವಪ್ಪ, ಯಾರು ಇಲ್ಲ ಅಂದೋರು?" ಎಂದರು ರಾಮಲಕ್ಷ್ಮಮ್ಮ, ಹರಿಣಿಯ ಕಡೆ ಕೈ ಮಾಡಿ. "ವಾಪಸ್ ಕೇಳೋ ಜನ ಅಲ್ಲ ನಾವು. ಈಯಮ್ಮನ್ನೂ ಅವರಪ್ಪ ನಿಂಗೆ ಕೊಟ್ಟ, ಅಲ್ವಾ? ಕೊಟ್ಟ ಮೇಲೆ ಈಯಮ್ಮನ ತವರು ಕೊರಿಯಾ ಆಗೋಯ್ತಾ?"

ಮೊದಲು ನಕ್ಕವಳು ಹರಿಣಿ. "ನಮ್ ತವರು ಸಾದಲಿ ಅಜ್ಜಿ" ಎಂದಳು.

ಸುತ್ತಲೂ ನಗು. ಮೋಹನ್‌ಬಾಬು ಸಿಯೋಲ್ ಸ್ನೋ ಎಂದಿದ್ದ ಬೋರ್ಡು ತಿರುಗಿಸಿ, ಹಿಂದಿನ ಖಾಲಿ ಕಡೆ ಮಾರ್ಕರಿನಲ್ಲಿ ಬರೆದ: ಸುಣ್ಣದಮ್ಮ. ಜಂಗಮಕೋಟೆ ಕವಿತ ಅವರ ತಳಿ. ಕವಿತ ಅದನ್ನು ಓದಿದಳು, ಮತ್ತೊಮ್ಮೆ ಓದಿದಳು. ಕಥೆ ಇಲ್ಲಿಗೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಬರೆದ ಮಸಿ ಆರುವ ಮುಂಚೆ ಒಬ್ಬ ಹೆಂಗಸು ಬಂದರು. ಒಳ್ಳೆಯ ಸೀರೆ, ಒಳ್ಳೆಯ ಚಪ್ಪಲಿ, ಒಳ್ಳೆಯ ಮಾತು. ಗಿಡ ಕೈಗೆತ್ತಿಕೊಂಡು "ಎಷ್ಟು ಚೆನ್ನಾಗಿದೆ" ಎಂದರು. ಬೋರ್ಡು ಓದಿದರು.

"ಓ, ಲೋಕಲ್ಲಾ?"

ಗಿಡ ಮೇಜಿಗೆ ವಾಪಸ್ ಬಂತು. ಅವರ ಹಿಂದೆ ಬಂದವರೂ ಹಾಗೇ ಮಾಡಿದರು. ಈಗ ತಾನೆ ನಾಲಿಗೆ ಅಮ್ಮಂದು ಎಂದು ಹೋಲಿಕೆ ಹಚ್ಚಿದ್ದ ಮನುಷ್ಯ ಪಕ್ಕದ ಮಳಿಗೆಗೆ ಹೋಗಿ ಥಾಯ್ಲೆಂಡಿನದೆಂದು ಹೇಳಿದ ಗಿಡವೊಂದನ್ನು ಕೊಂಡ. ಅದರ ಅಪ್ಪ ಅಮ್ಮ ಯಾರೆಂದು ಕೇಳಲಿಲ್ಲ.

"ನೋಡಿದ್ರಾ ಮೇಡಂ?" ಎಂದ ಮೋಹನ್‌ಬಾಬು, ಸಿಟ್ಟಿಲ್ಲದೆ. "ನಾನ್ ಸುಳ್ಳು ಹೇಳೋದು ನನ್ ಖುಷಿಗಲ್ಲ. ಇವರ ಖುಷಿಗೆ."

ಅವನು ಕಳ್ಳ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನ ಆ ಒಂದು ಮಾತು ಸುಳ್ಳಲ್ಲ. ಮನೆಯ ಗೂಡು ಮಿಶ್ರತಳಿ, ಕೊಟ್ಟಿಗೆಯ ಹಸು ಮಿಶ್ರತಳಿ, ಹೊಲದ ಟೊಮ್ಯಾಟೊ ಮಿಶ್ರತಳಿ. ಇಷ್ಟೆಲ್ಲ ಬೆರಕೆಯನ್ನು ಸಾಕಿ ಬದುಕುವ ನಾವು, ಪಕ್ಕದೂರಿನ ಹೆಂಗಸೊಬ್ಬಳು ಹುಬ್ಬಿನ ದಾರದಲ್ಲಿ ಹೊಸದೊಂದನ್ನು ಹುಟ್ಟಿಸಿದರೆ ಮೂಗು ಮುರಿಯುತ್ತೇವೆ. ಅದೇ ಗಿಡ ವಿಮಾನ ಹತ್ತಿ ಬಂದಿದೆ ಎಂದರೆ ಕಣ್ಣಿಗೊತ್ತಿಕೊಳ್ಳುತ್ತೇವೆ.

ಸಂಜೆ ಅತ್ತೆ ಸೊಸೆ ಹೊರಡುವಾಗ ಬೋರ್ಡು ಮತ್ತೆ ಸಿಯೋಲ್ ಕಡೆಗೆ ತಿರುಗಿತ್ತು. ಕವಿತ ನೋಡಿದಳು, ಜಗಳವಾಡಲಿಲ್ಲ. ಬಸ್ಸಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ರಾಮಲಕ್ಷ್ಮಮ್ಮ, "ಹುಳಕ್ಕೆ ಜ್ವರ ಬಂದ್ರೆ ಸುಣ್ಣ ಹಾಕ್ಬೋದು. ಜನಕ್ಕೆ ಬಂದ್ರೆ ಏನ್ ಹಾಕ್ತೀಯ?" ಎಂದರು.

"ನೀವು ಏನೂ ಹಾಕ್ಬೇಡಿ ಅತ್ತೆ, ಪುಣ್ಯ ಬರ್ತದೆ" ಎಂದಳು ಕವಿತ. ಇಬ್ಬರೂ ನಕ್ಕರು.

ಈಗ ಜಗುಲಿಯಲ್ಲಿ ಹೊಸ ಟ್ರೇ ಇದೆ. ತಾಯಿ ಸುಣ್ಣದಮ್ಮ, ತಂದೆ ಯಾರೆಂದು ಕವಿತ ಅತ್ತೆಗೂ ಹೇಳಿಲ್ಲ. ರಾಮಲಕ್ಷ್ಮಮ್ಮನಿಗೆ ಅದರ ಹತ್ತಿರ ಸುಳಿಯಲು ಅಪ್ಪಣೆಯಿಲ್ಲ. ದೂರದಲ್ಲಿ ನಿಂತು, ಕೈ ಹಿಂದೆ ಕಟ್ಟಿಕೊಂಡು, ಜ್ವರ ಬಂದಿದೆಯೇ ಎಂದು ಇಣುಕುತ್ತಾರೆ.

ಇನ್ನು ನಿಮ್ಮ ವಿಷಯ. ಫೋಟೊದಲ್ಲಿದ್ದ ಆ ನೂರಾರು ಗಿಡಗಳು ಎಲ್ಲಿಗೆ ಹೋದವು ಅಂದುಕೊಂಡಿರಿ? ನಿಮ್ಮ ಕಿಟಕಿಗೆ, ನಿಮ್ಮ ಆಫೀಸಿನ ಮೇಜಿಗೆ, ನೀವು ಗೃಹಪ್ರವೇಶಕ್ಕೆ ಉಡುಗೊರೆ ಕೊಟ್ಟ ಡಬ್ಬಿಗೆ. ಎದ್ದು ಹೋಗಿ ನೋಡಿ. ಮೊಂಡು ನಾಲಿಗೆಯಂಥ ಎಲೆ, ಮೇಲೆ ಸುಣ್ಣ ಉದುರಿದಂಥ ಬಿಳುಪು ಇದ್ದರೆ, ಕುಂಡಕ್ಕೆ ಅಂಟಿಸಿದ ಕೊರಿಯಾದ ಚೀಟಿ ಕಿತ್ತುಹಾಕಿ. ಪೆನ್ನು ತೆಗೆದುಕೊಳ್ಳಿ. ಸುಣ್ಣದಮ್ಮ, ತವರು ಜಂಗಮಕೋಟೆ, ಹುಟ್ಟಿಸಿದವಳು ಕವಿತ ಎಂದು ಬರೆಯಿರಿ. ಮನೆಗೆ ಬಂದವರು ಇದು ಲೋಕಲ್ಲಾ ಎಂದು ಕೇಳಿದರೆ, ಹೌದು ಎಂದು ಅವರ ಕಣ್ಣು ನೋಡಿ ಹೇಳಿ.