ಅಟ್ಟದ ಮೇಲಿನ ಕಾಯಿ ಕೊಬ್ಬರಿಯಲ್ಲ

ಎರಡು ವರ್ಷದ ಹಿಂದಿನ ಮಾತು. ನಿವೃತ್ತಿಗೆ ಕೆಲವೇ ತಿಂಗಳಿದ್ದವು, ನಾನು ಅರಸೀಕೆರೆ ಸೀಮೆಯಲ್ಲಿ ಮಾರುಕಟ್ಟೆ ಮೇಲ್ವಿಚಾರಕನಾಗಿದ್ದೆ. ಆ ವರ್ಷ ಉಂಡೆ ಕೊಬ್ಬರಿಯ ಬೆಲೆ ಏರಿದ್ದೇ ಏರಿದ್ದು. ಹಿಂದೆ ಬೆಲೆ ನೆಲ ಕಚ್ಚಿದ್ದಾಗ ಕಾರಣ ಕೇಳಿಕೊಂಡು ಒಂದು ನರಪಿಳ್ಳೆಯೂ ಬಂದಿರಲಿಲ್ಲ. ರೈತನ ಕೈಗೆ ನಾಲ್ಕು ಕಾಸು ಸಿಗುವ ಹೊತ್ತಿಗೆ ಎಲ್ಲರಿಗೂ ಕಾರಣ ಬೇಕಾಯಿತು!

ಕಾರಣ ಗುಟ್ಟೇನಲ್ಲ. ನಮ್ಮ ಕಡೆ ತೆಂಗಿನಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕುತ್ತಾರೆ. ಒಳಗಿನ ನೀರು ತಾನಾಗಿ ಆರಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗಲು ಹೆಚ್ಚುಕಡಿಮೆ ವರ್ಷವೇ ಬೇಕು. ಹಿಂದಿನ ಬೇಸಿಗೆಯಲ್ಲಿ ಎಳನೀರಿಗೆ ಒಳ್ಳೆಯ ಬೆಲೆ ಬಂದು, ಗೊನೆಗಳು ಎಳೆಯವಿದ್ದಾಗಲೇ ಲಾರಿ ಹತ್ತಿದ್ದವು. ಅಟ್ಟ ಸೇರಿದ್ದು ಕಡಿಮೆ, ಹಾಗಾಗಿ ಆ ವರ್ಷದ ಪೂರೈಕೆಯೂ ಕಡಿಮೆ. ಅತ್ತ ಉತ್ತರದ ರಾಜ್ಯಗಳ ಹಬ್ಬದ ಬೇಡಿಕೆ ಕುಗ್ಗಲಿಲ್ಲ. ಇದ್ದಷ್ಟು ಮಾಲಿಗೆ ವರ್ತಕರು ಪೈಪೋಟಿಗೆ ಬಿದ್ದರು. ಇಷ್ಟೇ.

ತಪಾಸಣೆಗೆ ಬಂದ ಮೇಲಧಿಕಾರಿಗೆ ಈ ವಿವರಣೆ ರುಚಿಸಲಿಲ್ಲ. ರೈತರ ಮನೆಯನ್ನೇ ನೋಡಬೇಕೆಂದರು. ಜಾವಗಲ್ ಹತ್ತಿರದ ಜಯಮ್ಮನವರ ಮನೆಗೆ ಕರೆದೊಯ್ದೆ. ಅಟ್ಟದ ಮೇಲೆ ಕಾಯಿ ಕಂಡದ್ದೇ ತಡ, ಸಾಹೇಬರ ಮುಖ ಅರಳಿತು.

"ನೋಡ್ರೀ, ಇದೇ ಅಕ್ರಮ ದಾಸ್ತಾನು! ಎಲ್ಲ ಒಡೆಸಿ ಮಾರುಕಟ್ಟೆಗೆ ತರಿಸಿ. ರೈತರು ಬಚ್ಚಿಟ್ಟಿದ್ದಕ್ಕೇ ಬೆಲೆ ಏರಿದೆ ಅಂತ ವರದಿ ಬರೀರಿ."

ಜಯಮ್ಮ ಏಣಿಗೆ ಅಡ್ಡ ನಿಂತರು. "ನಮ್ಮ ವರ್ಸದ ಅನ್ನ ಐತೆ ಸ್ವಾಮಿ ಅಲ್ಲಿ. ಈಗ ಒಡುದ್ರೆ ಬೂಷ್ಟು ಹಿಡಿದು ಹಾಳಾಯ್ತದೆ."

ನನಗೆ ಮೈಯೆಲ್ಲ ಉರಿಯಿತು. ಒಂದು ಕಾಯಿ ತೆಗೆದು ಸಾಹೇಬರ ಕಿವಿಯ ಹತ್ತಿರವೇ ಅಲ್ಲಾಡಿಸಿದೆ. ಒಳಗೆ ನೀರು ಕುಲುಕಿತು.

"ಇದು ಇನ್ನೂ ಕಾಯಿ ಸಾರ್, ಕೊಬ್ಬರಿಯಲ್ಲ. ಇಲ್ಲದ ಕಳ್ಳತನವನ್ನ ನಾನು ಬರೆಯಲ್ಲ."

"ಪೆನ್ಷನ್ ಹತ್ತಿರ ಇದೆ, ನೆನಪಿರಲಿ."

"ಪೆನ್ಷನ್ ನನ್ನದು ಸಾರ್, ಕಾಯಿ ಅವರದು. ನನ್ನದನ್ನ ಉಳಿಸಿಕೊಳ್ಳೋಕೆ ಅವರದನ್ನ ಒಡೆಸಲ್ಲ."

ಕಾರಣ ಕೇಳಿ ನೋಟಿಸು ಬಂತು. ಬೇಡಿಕೆ ಹಾಗೇ ಇದೆ, ಪೂರೈಕೆ ಕುಸಿದಿದೆ, ಅಕ್ರಮ ದಾಸ್ತಾನು ಎಲ್ಲೂ ಇಲ್ಲ ಎಂದೇ ಉತ್ತರಿಸಿದೆ. ವರದಿಯಿಲ್ಲದೆ ಜಯಮ್ಮನವರ ಅಟ್ಟ ಮುಟ್ಟುವಂತಿರಲಿಲ್ಲ. ಆ ಸಿಟ್ಟಿಗೆ ನನ್ನ ಪೆನ್ಷನ್ ಕಾಗದಗಳು ಮೇಜಿನಿಂದ ಮೇಜಿಗೆ ಅಲೆದವು. ಅಲೆಯಲಿ ಎಂದು ಸುಮ್ಮನಿದ್ದೆ, ಇಂದಿಗೂ ನನಗದರ ಪಶ್ಚಾತ್ತಾಪವಿಲ್ಲ.

ಬೆಲೆ ಏರಿದರೆ ಕಳ್ಳನನ್ನು ಹುಡುಕಲು ಹೊರಡುವ ಮೊದಲು, ಹಿಂದಿನ ವರ್ಷ ಅಟ್ಟಕ್ಕೆ ಎಷ್ಟು ಕಾಯಿ ಹೋಯಿತೆಂದು ಕೇಳಬೇಕು. ನನ್ನ ಕೆಲಸ ನನಗೆ ಕಲಿಸಿದ ಪಾಠ ಇದೇ.

ಕಾಯಿ ಒಣಗಿದ ಮೇಲೆ ಜಯಮ್ಮ ಕೊಬ್ಬರಿ ಮಾಡಿಸಿ ಅರಸೀಕೆರೆಗೆ ತಂದರು. ಅಷ್ಟರಲ್ಲಿ ಊರೂರ ಅಟ್ಟಗಳಿಂದಲೂ ಮಾಲು ಬಂದು, ಯಾರ ದಾಳಿಯೂ ಇಲ್ಲದೆ ಬೆಲೆ ತಾನೇ ತುಸು ಇಳಿದಿತ್ತು. ಬೇಜಾರಾಯಿತೇ ಎಂದು ಕೇಳಿದೆ.

"ಮಾರ್ಕೆಟ್ಟು ಇಳಿಸಿದ್ರೆ ತಡ್ಕತೀನಿ ಸ್ವಾಮಿ, ನಾಳೆ ಅದೇ ಏರುಸ್ತದೆ," ಎಂದರು ಜಯಮ್ಮ. "ಆವಯ್ಯ ಒಡುಸಿದ್ರೆ ತಿರ್ಗಾ ಕೂಡುಸಿ ಕೊಡ್ತಿದ್ನಾ?"