ಯಾರಿಗೆ ‘ರೀ’ ಹಚ್ಚಬೇಕು

ನನ್ನ ವರ್ಗದಲ್ಲಿ ಮೊದಲ ಪಾಠ ಅಕ್ಷರದ್ದಾಗಿರಲಿಲ್ಲ, ನೀರಿನದಾಗಿತ್ತು. ಬಂದವರಿಗೆ ತಂಬಿಗೆಯನ್ನು ಬಲಗೈಯಿಂದ ಕೊಡಬೇಕು, ಅಂಚಿಗೆ ಬೆರಳು ತಾಗಿಸಬಾರದು, ಅವರು ಕುಡಿದು ಮುಗಿಸುವ ತನಕ ನಿಲ್ಲಬೇಕು, ‘ಬರ್ರಿ, ಕೂಡ್ರಿ, ತಗೋರಿ’ ಎನ್ನಬೇಕು. ಧಾರವಾಡ ಇನ್ನೂ ಮುಂಬಯಿ ಪ್ರಾಂತ್ಯದಲ್ಲಿದ್ದ ಆ ಕಾಲದಲ್ಲಿ ನಾನು ಇಪ್ಪತ್ತೆರಡರ ಹೊಸ ಶಿಕ್ಷಕಿ, ಎಲ್ಲರಿಗೂ ‘ಅಕ್ಕಾರು’. ಐದಾರು ವರ್ಷದ ಮಕ್ಕಳ ಬಾಯಲ್ಲಿ ಆ ‘ರೀ’ ಎಷ್ಟು ಇಂಪಾಗಿ ಕೇಳುತ್ತಿತ್ತೆಂದರೆ, ಗೆಳೆಯರೇ, ಲೋಕವನ್ನು ತಿದ್ದುವ ಕೆಲಸ ಅರ್ಧ ಮುಗಿಯಿತೆಂದೇ ನಾನು ನಂಬಿದ್ದೆ.

ಆ ವರ್ಷ ಶಾಲೆಯ ತಪಾಸಣೆಗೆ ಸಾಹೇಬರು ಬಂದರು. ಜರಿಯ ರುಮಾಲು, ಉದ್ದ ಕೋಟು, ಕೈಯಲ್ಲಿ ಬೆತ್ತ. ಹೆಡ್ಮಾಸ್ತರರು ಅವರ ಹಿಂದೆ ಹಿಂದೆಯೇ ನನ್ನ ವರ್ಗಕ್ಕೆ ಬಂದು ಗೋಡೆಗೆ ಅಂಟಿಕೊಂಡಂತೆ ನಿಂತರು. ಸಾಹೇಬರು ಮುಂದಿನ ಸಾಲಿನ ಗಂಗವ್ವನನ್ನು ಎಬ್ಬಿಸಿ, “ಹಿರಿಯರ ಜೋಡಿ ಹ್ಯಾಂಗ ಮಾತಾಡಬೇಕು?” ಎಂದು ಕೇಳಿದರು. ಗಂಗವ್ವ ಸಪ್ತಾಪುರದಲ್ಲಿ ಎಮ್ಮೆ ಕಟ್ಟಿ ಹಾಲು ಮಾರುವವರ ಮಗಳು. ಆರು ವರ್ಷದವಳು, ಅಂಜಿಕೆ ಅರಿಯದವಳು.

“‘ರೀ’ ಹಚ್ಚಿ ಮಾತಾಡಬೇಕ್ರಿ.”

“ಶಾಭಾಸ್,” ಎಂದರು ಸಾಹೇಬರು. ನನ್ನ ಎದೆ ಉಬ್ಬಿತು.

ಅಷ್ಟರಲ್ಲಿ ಶಾಲೆಯ ಸಿಪಾಯಿ ಫಕೀರಪ್ಪನವರು ಸಾಹೇಬರಿಗೆಂದು ನೀರು ತಂದರು. ಅರವತ್ತು ಸಮೀಪಿಸಿದ್ದ ಹಿರಿಯರು. ಮಕ್ಕಳಿಗೆಲ್ಲ ಅವರು ಅಜ್ಜ. ಸಾಹೇಬರು ಅವರ ಮುಖವನ್ನೂ ನೋಡದೆ ಬೆತ್ತದಿಂದ ಮೇಜು ತೋರಿಸಿ, “ಏ, ಅಲ್ಲಿಟ್ಟು ಹೋಗೋ,” ಎಂದರು.

ಗಂಗವ್ವ ಇನ್ನೂ ಕುಳಿತಿರಲಿಲ್ಲ. “ಸಾಹೇಬ್ರ, ಅಜ್ಜಾಗ ‘ಇಟ್ಟು ಹೋಗ್ರಿ’ ಅನ್ನಬೇಕ್ರಿ. ಅವರು ನಿಮಗಿಂತ ದೊಡ್ಡವರದಾರ,” ಎಂದಳು. ಅದರಲ್ಲಿ ಉದ್ಧಟತನದ ಲೇಶವೂ ಇರಲಿಲ್ಲ. ತಪ್ಪು ಓದಿದ ಪಕ್ಕದ ಹುಡುಗಿಯನ್ನು ತಿದ್ದುವಷ್ಟೇ ಸಹಜವಾಗಿ ಹೇಳಿದ್ದಳು.

ಸಾಹೇಬರ ಮುಖ ಕೆಂಪಾಯಿತು. ಹೆಡ್ಮಾಸ್ತರರು ನನ್ನತ್ತ ತಿರುಗಿ, “ಏನಿದು ಅಕ್ಕಾರ? ಇದನ್ನ ಕಲಿಸೀರೇನು? ತಪ್ಪಾತು ಅನ್ನಸ್ರಿ ಆಕಿ ಕಡಿಂದ,” ಎಂದರು.

ನಾನು ಏನು ಮಾಡಬೇಕಿತ್ತೆಂದು ನಿಮಗೆ ಗೊತ್ತು, ನನಗೂ ಆಗಲೇ ಗೊತ್ತಿತ್ತು. ಆದರೆ ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. “ಗಂಗವ್ವ, ಕಿವಿ ಹಿಡಕೋ. ತಪ್ಪಾತ್ರಿ ಅನ್ನು,” ಎಂದೆ.

“ಏನು ತಪ್ಪಾತ್ರಿ, ಅಕ್ಕಾರ?”

“ಮೊದಲು ಅನ್ನು.”

ಅವಳು ಎರಡೂ ಕಿವಿ ಹಿಡಿದು, ಸಾಹೇಬರನ್ನಲ್ಲ, ನನ್ನನ್ನೇ ನೋಡುತ್ತ “ತಪ್ಪಾತ್ರಿ” ಎಂದಳು. ಸಾಹೇಬರು ನೀರು ಕುಡಿದು, ಮಕ್ಕಳಲ್ಲಿ ವಿನಯ, ಶಿಸ್ತು ತೃಪ್ತಿಕರವಾಗಿವೆ ಎಂದು ತಪಾಸಣೆಯ ಪುಸ್ತಕದಲ್ಲಿ ಶೆರಾ ಬರೆದು ಹೋದರು. ಆ ಸಾಲನ್ನು ನೆನೆದಾಗ ಇಂದಿಗೂ ನನ್ನ ಮೈ ಉರಿಯುತ್ತದೆ. ವಿನಯವೆಂದು ನಾವು ಕರೆಯುವುದು ಇದನ್ನೇ ಏನು? ಮೇಲಿದ್ದವರಿಗೆ ಬಾಗುವುದನ್ನು ಮಕ್ಕಳ ಬೆನ್ನಿಗೆ ರೂಢಿಮಾಡಿಸಿ, ಅದಕ್ಕೆ ಸಂಸ್ಕಾರವೆಂಬ ಚೆಂದದ ಹೆಸರಿಟ್ಟು, ಆ ಸಂಸ್ಕಾರವನ್ನು ನಿಜವೆಂದು ನಂಬಿದ ಒಂದೇ ಒಂದು ಕೂಸಿನ ಕಿವಿ ಹಿಡಿಸುತ್ತೇವಲ್ಲ!

ಶಾಲೆ ಬಿಟ್ಟ ಮೇಲೆ ಫಕೀರಪ್ಪನವರ ಬಳಿ ಹೋಗಿ, “ಬ್ಯಾಸರಾ ಮಾಡಿಕೋಬ್ಯಾಡ್ರಿ,” ಎಂದೆ. ಅವರು ಕಿಟಕಿ ಮುಚ್ಚುತ್ತ, “ನಂಗ ಅದು ದಿನದ ಮಾತ್ರಿ, ಅಕ್ಕಾರ. ಖರೇ ಹೇಳಬೇಕಂದ್ರ, ಆ ಕೂಸು ಕಿವಿ ಹಿಡದದ್ದು ನೋಡಾಕ ಆಗಲಿಲ್ಲ,” ಎಂದರು. ಆ ಮಾತಿಗಿಂತ ಅವರು ನನ್ನ ಕೆನ್ನೆಗೆ ಹೊಡೆದಿದ್ದರೆ ಸಹಿಸುವುದು ಸುಲಭವಾಗುತ್ತಿತ್ತು.

ಮೂರು ದಿನ ಗಂಗವ್ವ ಶಾಲೆಗೆ ಬರಲಿಲ್ಲ. ನಾಲ್ಕನೆಯ ದಿನ ಸಂಜೆ ನಾನು ಸಪ್ತಾಪುರಕ್ಕೆ ನಡೆದುಹೋದೆ. ಅವಳ ತಾಯಿ ಎಮ್ಮೆಗೆ ಹಿಂಡಿ ಕಲಸುತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಎದ್ದು ಬಂದಳು.

“ಬರ್ರಿ ಅಕ್ಕಾರ. ದೊಡ್ಡವರ ಮುಂದ ನಿಮ್ಮ ಮಾನ ಕಳದಳಂತಲ್ರಿ ಇಕಿ. ಎರಡು ಬಿಗದೇನ್ರಿ ನಾನು.”

“ಆಕೀದೇನೂ ತಪ್ಪಿಲ್ಲವ್ವಾ,” ಎಂದೆ. ತಾಯಿಗೆ ಅರ್ಥವಾಗಲಿಲ್ಲ. ಗಂಗವ್ವ ಎಮ್ಮೆಯ ಮರೆಯಲ್ಲಿ ನಿಂತಿದ್ದಳು. ನಾನು ಅವಳ ಎದುರು ಸಗಣಿ ಸಾರಿಸಿದ ನೆಲದ ಮೇಲೆ ಕುಳಿತೆ. ಮಕ್ಕಳಿಗೆ ನೂರು ಸಲ ಕಲಿಸಿದ್ದ ಮಾತು ನನ್ನ ಬಾಯಿಂದ ಹೊರಡಲು ಎಷ್ಟು ಹೊತ್ತು ಹಿಡಿಯಿತೆಂದು ಹೇಳಲು ನಾಚಿಕೆಯಾಗುತ್ತದೆ.

“ಗಂಗವ್ವ, ನೀ ಅಂದದ್ದು ಖರೇನ ಇತ್ತು. ನಾ ಅಂಜಿ ನಿನ್ನ ಕಿವಿ ಹಿಡಿಸಿದೆ. ನಂದು ತಪ್ಪಾತು.”

ಅವಳು ಎಮ್ಮೆಯ ಮರೆಯಿಂದ ಹೊರಬಂದು ನನ್ನನ್ನು ನೋಡಿದಳು. ದೊಡ್ಡವರು ಹಾಗೆನ್ನುವುದನ್ನು ಅವಳು ಎಂದೂ ಕೇಳಿರಲಿಲ್ಲವೆಂಬುದು ಆ ಕಣ್ಣುಗಳಲ್ಲೇ ಕಾಣುತ್ತಿತ್ತು.

“ಸಾಹೇಬರದೂ ತಪ್ಪೇನ್ರಿ?”

“ಹೌದು, ಅವರದೂ.”

“ಮತ್ತ ಅವರು ಅಜ್ಜಾಗ ಹೇಳಾಕ ಯಾವಾಗ ಬರತಾರ್ರಿ?”

ಒಂದು ಸುಳ್ಳು ಹೇಳಿ ಅವಳನ್ನು ಸಮಾಧಾನಪಡಿಸಬಹುದಿತ್ತು. ಆದರೆ ಅವಳ ಮುಂದೆ ಇನ್ನೊಮ್ಮೆ ಅಂಜುವುದು ನನ್ನಿಂದ ಆಗಲಿಲ್ಲ.

“ಅವರು ಬರೂದಿಲ್ಲವ್ವಾ,” ಎಂದೆ.